ನಗಾರಿಯ ಪಕ್ಕ ಅಕ್ಕ, ಕೊನೇ ಸಾಲಿನಲ್ಲಿ ನಾನು

ಮೊದಲ ದಿನ, ಬುಧವಾರ

ವಿಯೆನ್ನಾ ವಿಮಾನ ನಿಲ್ದಾಣದಿಂದ ಎಸ್7 ರೈಲು ಹತ್ತಿದಾಗ ಇನ್ನೂ ಬೆಳಕಿತ್ತು. ವೀನ್ ಮಿಟ್ಟೆ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಪೂರ್ತಿ ಕತ್ತಲು. ಗಡಿಯಾರದಲ್ಲಿ ಐದು ಗಂಟೆಯೂ ಆಗಿಲ್ಲ. ನವೆಂಬರಿನಲ್ಲಿ ಇಲ್ಲಿ ಸೂರ್ಯ ನಾಲ್ಕೂಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಅಕ್ಕ ಮಫ್ಲರ್ ಬಿಗಿ ಮಾಡಿಕೊಂಡು, "ಇಷ್ಟು ಬೇಗ ರಾತ್ರಿ ಆದ್ರೆ ಈ ಜನ ಸಂಗೀತ ಕೇಳದೆ ಇನ್ನೇನು ಮಾಡ್ತಾರೆ?" ಅಂದಳು.

ನಾವು ಬಂದದ್ದು ಒಂದೇ ಒಂದು ಕಛೇರಿಗಾಗಿ. ಶನಿವಾರ ಸಂಜೆ, ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ, ಬೀಥೋವನ್ನನ ಪಿಟೀಲು ಕನ್ಚೆರ್ಟೊ. ಅಂದರೆ ಒಂದು ಕಡೆ ಇಡೀ ಆರ್ಕೆಸ್ಟ್ರಾ, ಇನ್ನೊಂದು ಕಡೆ ಒಂದೇ ಒಂದು ಪಿಟೀಲು, ಮುಕ್ಕಾಲು ಗಂಟೆ. ಅಕ್ಕ ಚಿಕ್ಕಂದಿನಲ್ಲಿ ಹನ್ನೊಂದು ವರ್ಷ ಪಿಟೀಲು ಕಲಿತವಳು. ನಮ್ಮ ಪದ್ಧತಿಯದ್ದು, ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಕಾಲಿಗೆ ಊರಿಕೊಂಡು. ಈ ಕೃತಿಯನ್ನು ಅವಳು ಮೂವತ್ತು ವರ್ಷ ಒಂದು ಕ್ಯಾಸೆಟ್ಟಿನಲ್ಲಿ ಕೇಳಿದಳು. ಆ ಕೃತಿ ಶುರುವಾಗುವುದು ಪಿಟೀಲಿನಿಂದ ಅಲ್ಲ, ಟಿಂಪನಿ ಎಂಬ ನಗಾರಿಯ ಐದು ಮೆತ್ತನೆಯ ಪೆಟ್ಟುಗಳಿಂದ. ಕ್ಯಾಸೆಟ್ ಸವೆದು ಸವೆದು ಆ ಐದು ಪೆಟ್ಟು ಬರೀ ಸೊಂಯ್ ಎನ್ನುವ ಸದ್ದಿನಲ್ಲಿ ಮುಳುಗಿಹೋಗಿದ್ದವು. ಅವು ಅಲ್ಲಿವೆ ಎಂದು ಅವಳಿಗೆ ಗೊತ್ತಾದದ್ದೇ ಸಿ.ಡಿ. ಬಂದ ಮೇಲೆ.

ಈಗ ಅಕ್ಕನಿಗೆ ಅರವತ್ನಾಲ್ಕು. ಎರಡು ವರ್ಷದಿಂದ ಎರಡೂ ಕಿವಿಗೆ ಮಿಷನ್ ಇದೆ. "ಇನ್ನೂ ಕೇಳಿಸೋವಾಗ್ಲೇ ಒಂದ್ಸಲ ಎದುರಿಗೆ ಕೂತು ಕೇಳ್ಬೇಕು ಕಣೋ" ಅಂದಿದ್ದಳು. ಅದಕ್ಕೇ ಈ ಓಡಾಟ.

ಟಿಕೆಟ್ಟಿನ ವಿಷಯದಲ್ಲಿ ಮಾತ್ರ ಎಡವಟ್ಟಾಗಿತ್ತು. ನಾನು ತಡ ಮಾಡಿದೆ. ಉಳಿದದ್ದು ಎರಡು: ವೇದಿಕೆಯ ಹಿಂದೆ ಆರ್ಗನ್ ಎಂಬ ದೊಡ್ಡ ವಾದ್ಯದ ಪಕ್ಕದ ಬಾಲ್ಕನಿಯಲ್ಲಿ ಒಂದು ಸೀಟು, ಸಭಾಂಗಣದ ಇನ್ನೊಂದು ತುದಿಯಲ್ಲಿ ನಿಂತು ಕೇಳುವ ಒಂದು ಜಾಗ. ಸೀಟು ಅಕ್ಕನಿಗೆ. ನಿಲ್ಲುವುದು ನನಗೆ. ಒಂದೇ ಕಛೇರಿಗೆ ಬಂದು ಎದುರುಬದುರು ತುದಿಯಲ್ಲಿ ಇರಬೇಕು!

ಸಂಜೆ ಒಪೆರಾ ಕಟ್ಟಡದ ಹತ್ತಿರ ಸುಮ್ನೆ ಒಂದು ಸುತ್ತು ಹಾಕಿದೆವು. ಬಿಳಿ ವಿಗ್ಗು, ಕೆಂಪು ಕೋಟು ತೊಟ್ಟ ಹುಡುಗರು ಅಡ್ಡಹಾಕಿ ಪ್ರವಾಸಿಗರಿಗೆ ಮೊಜಾರ್ಟ್ ಕಛೇರಿಯ ಟಿಕೆಟ್ ಮಾರುತ್ತಿದ್ದರು. ಒಬ್ಬ ಅಕ್ಕನಿಗೆ ಬಗ್ಗಿ ನಮಸ್ಕಾರ ಮಾಡಿದ. ವಿಗ್ಗಿನ ಕೆಳಗೆ ಉಣ್ಣೆ ಟೋಪಿಯ ಅಂಚು ಕಾಣುತ್ತಿತ್ತು. ಪಾಪ, ಚಳಿ ಅವನನ್ನೂ ಬಿಟ್ಟಿರಲಿಲ್ಲ.

ಎರಡನೇ ದಿನ, ಗುರುವಾರ

ಯು4 ಮೆಟ್ರೊದಲ್ಲಿ ಕೊನೆಯವರೆಗೆ ಹೋದರೆ ಹೈಲಿಗೆನ್‌ಶ್ಟಾಟ್. ಅಲ್ಲಿಂದ 38ಎ ಬಸ್ಸು. ಈಗ ಊರಿನೊಳಗೇ ಇದೆ, ಬೀಥೋವನ್ನನ ಕಾಲಕ್ಕೆ ದ್ರಾಕ್ಷಿತೋಟದ ಹಳ್ಳಿ. ಪ್ರೋಬುಸ್‌ಗಾಸ್ಸೆ ಎಂಬ ಓಣಿಯ 6ನೇ ನಂಬರಿನ ಮನೆ ಈಗ ಬೀಥೋವನ್ ಮ್ಯೂಸಿಯಂ. ನಾವು ತಲುಪಿದಾಗ ಒಂದು ಹತ್ತು. ಬಾಗಿಲು ಹಾಕಿತ್ತು, ಊಟದ ಬಿಡುವು ಎರಡರವರೆಗೆ. ಸಮಯ ನೋಡಿಕೊಳ್ಳದೆ ಹೊರಟದ್ದು ನನ್ನದೇ ತಪ್ಪು. ಅಕ್ಕ ಬೈಯಲಿಲ್ಲ, ಸುಮ್ಮನೆ ಒಂದು ಸಲ ನೋಡಿದಳು. ಅದೇ ಜಾಸ್ತಿ.

ಆ ಹೊತ್ತಿನಲ್ಲಿ ಬೀಥೋವನ್‌ಗಾಂಗ್ ಎಂಬ ಕಾಲುದಾರಿಯಲ್ಲಿ ನಡೆದೆವು. ಪಕ್ಕದಲ್ಲಿ ಶ್ರೈಬರ್‌ಬಾಖ್ ಎಂಬ ಸಣ್ಣ ತೊರೆ. ಬೀಥೋವನ್ನನ ಆರನೇ ಸಿಂಫನಿಯಲ್ಲಿ, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಯಲ್ಲಿ, ಬರುವ ತೊರೆ ಇದೇ ಎಂದು ಊರಿನವರ ಹೆಮ್ಮೆ. ಈಗ ಅದಕ್ಕೆ ಕಲ್ಲಿನ ದಡ ಕಟ್ಟಿದ್ದಾರೆ, ನೀರು ಅಂಗೈಯಷ್ಟು ಆಳ. ಅಕ್ಕ ನಿಂತು, ತಲೆ ವಾಲಿಸಿ, "ಇದು ಸದ್ದು ಮಾಡ್ತಿದ್ಯಾ?" ಎಂದು ಕೇಳಿದಳು. ಮಾಡುತ್ತಿತ್ತು. ಸಣ್ಣಗೆ, ಗಿಲಿಗಿಲಿ. ನಾನು ಹೌದೆಂದೆ. ಅವಳು ತಲೆಯಾಡಿಸಿ ಮುಂದೆ ನಡೆದಳು.

ಎರಡು ಗಂಟೆಗೆ ಮ್ಯೂಸಿಯಂ ಒಳಗೆ. 1802ರಲ್ಲಿ, ಕಿವಿ ಮಂದವಾಗುತ್ತಿದ್ದಾಗ, ಡಾಕ್ಟರ ಮಾತು ಕೇಳಿ ಬೀಥೋವನ್ ವಿಶ್ರಾಂತಿಗೆಂದು ಈ ಹಳ್ಳಿಗೆ ಬಂದಿದ್ದ. ಆ ವರ್ಷ ಅಕ್ಟೋಬರ್ 6ರಂದು ತಮ್ಮಂದಿರಿಗೆ ಒಂದು ಕಾಗದ ಬರೆದ. ಕಳಿಸಲೇ ಇಲ್ಲ. 1827ರಲ್ಲಿ ಅವನು ಸತ್ತ ಮೇಲೆ ಅವನ ಕಾಗದಪತ್ರಗಳ ನಡುವೆ ಸಿಕ್ಕಿತು. ಮೂಲ ಪ್ರತಿ ಇರುವುದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಪಕ್ಕದಲ್ಲಿ ನಿಂತವರಿಗೆ ದೂರದ ಕೊಳಲು ಕೇಳಿಸುತ್ತಿತ್ತು, ನನಗೆ ಏನೂ ಕೇಳಿಸಲಿಲ್ಲ, ಆ ಅವಮಾನಕ್ಕೆ ಸಾಯೋಣ ಅನ್ನಿಸಿತು ಎಂದು ಅದರಲ್ಲಿ ಬರೆದುಕೊಂಡಿದ್ದಾನೆ. ಒಬ್ಬ ತಮ್ಮ ಯೋಹಾನ್‌ನ ಹೆಸರು ಬರೆಯಬೇಕಾದ ಕಡೆ ಜಾಗ ಖಾಲಿ ಬಿಟ್ಟಿದ್ದಾನೆ. ಯಾಕೆ ಎಂದು ಜನ ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ.

ಅದಕ್ಕೂ ಮುಂಚೆ, 1801ರಲ್ಲಿ, ವೇಗೆಲರ್ ಎಂಬ ಡಾಕ್ಟರ್ ಗೆಳೆಯನಿಗೆ ಬರೆದ ಇನ್ನೊಂದು ಕಾಗದವಿದೆ. ನಾಟಕಶಾಲೆಯಲ್ಲಿ ಆರ್ಕೆಸ್ಟ್ರಾಕ್ಕೆ ತೀರಾ ಹತ್ತಿರ ಬಗ್ಗಿ ಕೂರಬೇಕಾಗುತ್ತದೆ, ಸ್ವಲ್ಪ ದೂರವಾದರೂ ವಾದ್ಯಗಳ, ಗಾಯಕರ ಮೇಲಿನ ಸ್ವರಗಳು ಕೇಳಿಸುವುದಿಲ್ಲ ಎಂದು ಹೇಳಿಕೊಂಡಿದ್ದ. ಇದನ್ನು ನಾನು ಅಕ್ಕನಿಗೆ ಹೇಳಿದೆ.

"ಇವನಿಗೂ ಮೇಲಿನದ್ದೇ ಹೋಯ್ತಾ ಮೊದ್ಲು?"

"ಹೂಂ ಅಕ್ಕ."

ಅವಳ ಡಾಕ್ಟರೂ ಇದನ್ನೇ ಹೇಳಿದ್ದರು. ವಯಸ್ಸಾದಾಗ ಮೊದಲು ಕೈಕೊಡುವುದು ಹೆಚ್ಚು ಕಂಪನದ, ಸಣ್ಣ ಸದ್ದುಗಳು. ಹಕ್ಕಿ, ಕಾಲ್ಗೆಜ್ಜೆ, ತೊರೆ. ಬೀಥೋವನ್ನನಿಗೆ ಆಗ ಬರೀ ಮೂವತ್ತು.

ಆಮೇಲೆ ಐದು ವರ್ಷಕ್ಕೆ ಅವನು ಬರೆದದ್ದು ಈ ಕನ್ಚೆರ್ಟೊ. ಅದರಲ್ಲಿ ಪಿಟೀಲು ಹೆಚ್ಚಿನ ಹೊತ್ತು ಓಡಾಡುವುದು ಎಲ್ಲಿ ಗೊತ್ತಾ? ಇ ಎಂಬ, ಎಲ್ಲಕ್ಕಿಂತ ಹೆಚ್ಚು ಶ್ರುತಿಯ ತಂತಿಯ ಮೇಲೆ, ಮೇಲಕ್ಕೂ ಮೇಲೆ. ದೂರ ಕೂತರೆ ತನಗೇ ಕೇಳಿಸದ ಜಾಗದಲ್ಲಿ. ಇದಕ್ಕೂ ಅದಕ್ಕೂ ಗಂಟು ಹಾಕಬಾರದು, ಇದನ್ನು ಯಾರಿಗಾಗಿ ಬರೆದನೋ ಆ ಪಿಟೀಲುಗಾರನ ಶೈಲಿಯೇ ಹಾಗಿತ್ತು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೂ ವಾಪಸ್ ಬರುವ ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಮೂರನೇ ದಿನ, ಶುಕ್ರವಾರ

ಆ ಪಿಟೀಲುಗಾರ ಫ್ರಾಂಜ್ ಕ್ಲೆಮೆಂಟ್. ಇದೇ ಊರಿನವನು, ಹುಟ್ಟಿದ್ದು 1780ರಲ್ಲಿ. ಥಿಯೇಟರ್ ಆನ್ ಡೇರ್ ವೀನ್ ಎಂಬ ನಾಟಕಶಾಲೆಯ ಆರ್ಕೆಸ್ಟ್ರಾಕ್ಕೆ ಮುಖ್ಯ ಪಿಟೀಲುಗಾರ. 1806ರ ಡಿಸೆಂಬರ್ 23ರಂದು ಅಲ್ಲೇ ಈ ಕೃತಿಯನ್ನು ಮೊದಲ ಸಲ ನುಡಿಸಿದ. ಬೀಥೋವನ್ ಕೊನೇ ಗಳಿಗೆಯವರೆಗೂ ಬರೆಯುತ್ತಿದ್ದ, ಕ್ಲೆಮೆಂಟ್ ಸರಿಯಾಗಿ ಅಭ್ಯಾಸವಿಲ್ಲದೆ ನುಡಿಸಿದ ಎಂಬ ಕಥೆ ಇದೆ. ಅದೇ ಸಂಜೆ ಅವನು ಪಿಟೀಲನ್ನು ತಲೆಕೆಳಗಾಗಿ ಹಿಡಿದು ಒಂದೇ ತಂತಿಯ ಮೇಲೆ ತನ್ನದೇ ರಚನೆ ನುಡಿಸುತ್ತಾನೆ ಎಂದೂ ಕಾರ್ಯಕ್ರಮದ ಹಾಳೆಯಲ್ಲಿತ್ತು. ಜನರಿಗೆ ಜಾಸ್ತಿ ಹಿಡಿಸಿದ್ದು ಯಾವುದು ಅಂತ ನೀವೇ ಊಹಿಸಿ.

ಕಾರ್ಲ್ಸ್‌ಪ್ಲಾಟ್ಸ್‌ನಿಂದ ನಡೆದರೆ ಐದೇ ನಿಮಿಷ. ಎದುರಿಗೆ ನಾಶ್‌ಮಾರ್ಕ್ಟ್ ಸಂತೆ. ನಾಟಕಶಾಲೆ 1801ರದ್ದು, ಆದರೆ ಮುಂದಿನ ಭಾಗ ಆಮೇಲೆ ಕಟ್ಟಿದ್ದು. ಹಳೆಯದು ನೋಡಬೇಕೆಂದರೆ ಪಕ್ಕದ ಓಣಿಗೆ ತಿರುಗಬೇಕು. ಅಲ್ಲಿ ಪಾಪಗೇನೊ ಬಾಗಿಲಿದೆ, ಮೇಲೆ ಮೊಜಾರ್ಟ್‌ನ ಒಪೆರಾದಲ್ಲಿ ಬರುವ, ರೆಕ್ಕೆಪುಕ್ಕ ತೊಟ್ಟ ಹಕ್ಕಿ ಹಿಡಿಯುವವನ ಶಿಲ್ಪ. ಒಳಗೆ ಬಿಡಲಿಲ್ಲ. ಅಕ್ಕ ಮುಚ್ಚಿದ ಬಾಗಿಲಿನ ಮುಂದೆ ನಿಂತು ಬೆರಳಿನಿಂದ ಐದು ಸಲ ಮೆಲ್ಲಗೆ ತಟ್ಟಿದಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಇವರು ಯಾರಪ್ಪ ಎಂಬಂತೆ ನೋಡಿದಳು.

ಕೃತಿ ಅವತ್ತು ಅಷ್ಟಾಗಿ ಗೆಲ್ಲಲಿಲ್ಲ. ಆಮೇಲೆ ಹೆಚ್ಚುಕಮ್ಮಿ ಮೂಲೆ ಸೇರಿತು. ಎಬ್ಬಿಸಿದ್ದು ಒಬ್ಬ ಪೋರ. 1844ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ವರ್ಷದ ಯೋಸೆಫ್ ಯೊವಾಕಿಮ್ ಇದನ್ನು ನುಡಿಸಿದ, ಆರ್ಕೆಸ್ಟ್ರಾ ನಡೆಸಿದವನು ಮೆಂಡೆಲ್ಸನ್ ಎಂಬ ರಚನಕಾರ. ಅಲ್ಲಿಂದ ಈ ಕೃತಿ ಹಿಂದೆ ನೋಡಲಿಲ್ಲ. ಕ್ಲೆಮೆಂಟ್ ಮಾತ್ರ ಅದನ್ನು ನೋಡಲಿಲ್ಲ. ಎರಡು ವರ್ಷ ಮೊದಲೇ, 1842ರಲ್ಲಿ, ಬಡತನದಲ್ಲಿ ತೀರಿಕೊಂಡಿದ್ದ.

ಮಧ್ಯಾಹ್ನ ಹೌಸ್ ಡೇರ್ ಮ್ಯೂಸಿಕ್ ಎಂಬ ಸಂಗೀತದ ಮ್ಯೂಸಿಯಂ. ಅಲ್ಲಿ ಪರದೆಯ ಮೇಲೆ ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಕೂತಿರುತ್ತದೆ. ನಮ್ಮ ಕೈಗೆ ಒಂದು ಕೋಲು ಕೊಡುತ್ತಾರೆ. ನಾವು ಬೀಸಿದ ವೇಗಕ್ಕೆ ಅವರು ನುಡಿಸುತ್ತಾರೆ. ನಾನು ಹೋಗಿ ಬೀಸಿದೆ. ಹತ್ತು ಸೆಕೆಂಡಿಗೆ ವಾದಕರು ನಿಲ್ಲಿಸಿ, ಎದ್ದು, ನನಗೆ ಉಗಿದರು. ಸುತ್ತ ಇದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಕ್ಕ ಆದಿತಾಳ ಹಾಕುವ ಹಾಗೆ ಅಚ್ಚುಕಟ್ಟಾಗಿ ಕೈ ಆಡಿಸಿ ಕೊನೆಯವರೆಗೂ ಪಾರಾದಳು. ಇಳಿದು ಬಂದು, "ನಿಂಗೆ ಚಿಕ್ಕೋನಿದ್ದಾಗಿಂದ ಲಯ ಇಲ್ಲ" ಅಂದಳು. ಹೊಸ ವಿಷಯವೇನಲ್ಲ.

ರಾತ್ರಿ ರೂಮಿನಲ್ಲಿ ಒಂದು ಪರೀಕ್ಷೆ ಮಾಡಿದೆವು. ಫೋನಿನಲ್ಲಿ ಕನ್ಚೆರ್ಟೊದ ಎರಡನೇ ಭಾಗ ಹಾಕಿದೆ. ಕಿವಿಯ ಮಿಷನ್ ಮುಖ್ಯವಾಗಿ ಮಾತು ಕೇಳಲು ಮಾಡಿದ್ದು. ಅದರದ್ದೇ ಒಂದು ಶಿಳ್ಳೆ ಬರುತ್ತದೆ, ಅದನ್ನು ಅದುಮಲು ಒಳಗೆ ಒಂದು ಏರ್ಪಾಡು ಇರುತ್ತದೆ. ಪಿಟೀಲು ಉದ್ದಕ್ಕೆ ಒಂದೇ ಸ್ವರ ಎಳೆದರೆ ಅದನ್ನೂ ತನ್ನ ಶಿಳ್ಳೆಯೇ ಅಂದುಕೊಂಡು ಮಿಷನ್ ಅದರ ಕತ್ತು ಹಿಸುಕುತ್ತದೆ. "ಸ್ವರ ನಡುಗ್ತಾ ಇದೆ, ನೀರಲ್ಲಿ ಬಿದ್ದ ಹಾಗೆ" ಅಂದಳು. ತೆಗೆದು ಕೇಳಿದಳು. ಸಣ್ಣಗಾಯಿತು, ಆದರೆ ನೇರವಾಯಿತು. ನಾಳೆ ಬರಿಗಿವಿಯಲ್ಲೇ ಕೂರುವುದು ಎಂದು ತೀರ್ಮಾನ.

ನಾಲ್ಕನೇ ದಿನ, ಶನಿವಾರ

ಹಗಲು ಏನು ಮಾಡಿದೆವು ಅಂತ ಬರೆಯುವುದಿಲ್ಲ. ಏನೂ ಮಾಡಲಿಲ್ಲ. ಅಕ್ಕ ಮಲಗಿದ್ದಳು, ನಾನು ಕಾಲಿಗೆ ವಿಶ್ರಾಂತಿ ಕೊಟ್ಟೆ.

ಸಂಜೆ ಆರೂಮುಕ್ಕಾಲಿಗೆ ಮ್ಯೂಸಿಕ್‌ಫೆರೈನ್. 1870ರ ಜನವರಿ 6ರಂದು ಶುರುವಾದ ಕಟ್ಟಡ, ನಕ್ಷೆ ಮಾಡಿದವನು ಥಿಯೋಫಿಲ್ ಹಾನ್ಸೆನ್ ಎಂಬ ವಾಸ್ತುಶಿಲ್ಪಿ. ಕೋಟುಗಳನ್ನು ಕೆಳಗೇ ಕೊಟ್ಟು ಹೋಗಬೇಕು. ಅಲ್ಲಿ ಅಕ್ಕನಿಗೂ ನನಗೂ ದಾರಿ ಬೇರೆಯಾಯಿತು. "ಬಿಡುವಿನಲ್ಲಿ ಇದೇ ಕಂಬದ ಹತ್ರ ಬಾ" ಎಂದು ನನಗೇ ಹೇಳಿ ಮೆಟ್ಟಿಲು ಹತ್ತಿದಳು.

ನಿಂತು ಕೇಳುವವರಿಗೆ ನಂಬರಿಲ್ಲ. ಬಾಗಿಲು ತೆರೆದ ಕೂಡಲೇ ಮುಂದಿನ ಕಂಬಿ ಹಿಡಿಯಲು ಎಲ್ಲರೂ ಸರಸರನೆ ನಡೆಯುತ್ತಾರೆ. ಓಡುವುದಿಲ್ಲ, ಮರ್ಯಾದಸ್ಥರು. ಆದರೆ ಆ ನಡಿಗೆಗೆ ನಾನು ಸೋತೆ. ನನಗೆ ಸಿಕ್ಕಿದ್ದು ಮೂರನೇ ಸಾಲು, ಎದುರಿಗೆ ಆರಡಿ ಮೀರಿದ ಒಬ್ಬ ಹುಡುಗ. ಅವನ ಕಿವಿಯ ಪಕ್ಕದಿಂದ ವೇದಿಕೆ ಒಂದು ಅಂಚೆಚೀಟಿಯಷ್ಟು ಕಾಣುತ್ತಿತ್ತು.

ಸಭಾಂಗಣ ಒಂದು ಉದ್ದನೆಯ ಪೆಟ್ಟಿಗೆ. ಸುಮಾರು 49 ಮೀಟರ್ ಉದ್ದ, 19 ಅಗಲ, ಹತ್ತಿರ ಹತ್ತಿರ 18 ಎತ್ತರ. ಗೋಡೆಯುದ್ದಕ್ಕೂ ಚಿನ್ನದ ಬಣ್ಣದ ಹೆಂಗಸರು ಬಾಲ್ಕನಿಯನ್ನು ಹೊತ್ತು ನಿಂತಿದ್ದಾರೆ. ಮರದ ನೆಲದ ಕೆಳಗೆ ಟೊಳ್ಳು. ಚಾವಣಿಯನ್ನು ಮೇಲಿನಿಂದ ತೂಗುಹಾಕಿದ್ದಾರೆ. ಇಡೀ ಕಟ್ಟಡವೇ ಒಂದು ಪಿಟೀಲಿನ ಹೊಟ್ಟೆ ಅಂದುಕೊಳ್ಳಿ. ಜನ ತುಂಬಿದಾಗಲೂ ಒಂದು ಸದ್ದು ಪೂರ್ತಿ ಆರಲು ಸುಮಾರು ಎರಡು ಸೆಕೆಂಡ್ ಬೇಕು.

ಓಬೊ ಎಂಬ ಊದುವ ವಾದ್ಯದವಳು ಶ್ರುತಿ ಕೊಟ್ಟಳು. ಆರ್ಕೆಸ್ಟ್ರಾ ಅದಕ್ಕೆ ಕೂಡಿಕೊಂಡಿತು. ನಮ್ಮ ತಂಬೂರಿಯ ಹಾಗೆ ಆ ಶ್ರುತಿ ಉಳಿಯುವುದಿಲ್ಲ, ಒಮ್ಮೆ ಕೊಟ್ಟರೆ ಮುಗಿಯಿತು, ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಮೇಲೆ ಪಿಟೀಲಿನವಳು ಬಂದಳು. ಕಡುಹಸಿರು ಬಟ್ಟೆ, ಕೈಯಲ್ಲಿ ವಾದ್ಯ. ನಾನು ಹಿಂದಕ್ಕೆ ತಿರುಗಿ ಉಸಿರು ಬಿಟ್ಟು, ಮತ್ತೆ ತಿರುಗುವಷ್ಟರಲ್ಲಿ ನಿಶ್ಶಬ್ದ.

ಡುಮ್. ಡುಮ್. ಡುಮ್. ಡುಮ್. ಐದನೆಯದರ ಜೊತೆಗೆ ಓಬೊ, ಕ್ಲಾರಿನೆಟ್, ಬಸೂನ್ ತೆರೆದುಕೊಂಡವು. ನಗಾರಿ ಎಂದರೆ ನೀವು ಅಂದುಕೊಳ್ಳುವ ಅಬ್ಬರವಲ್ಲ. ಪಕ್ಕದ ಮನೆಯವರು ಹಗಲುನಿದ್ದೆ ಮಾಡುತ್ತಿದ್ದಾರೆ ಎಂದು ಗೊತ್ತಿದ್ದವರು ಬಾಗಿಲು ತಟ್ಟಿದ ಹಾಗೆ. ನನಗೆ ಕಿವಿಗಿಂತ ಮುಂಚೆ ಅಂಗಾಲಿಗೆ ಬಂತು ಅನ್ನಿಸಿತು. ಅದು ಭ್ರಮೆಯೇ ಇರಬಹುದು, ಅಷ್ಟು ದೂರ ಹಾಗೆಲ್ಲ ಆಗುತ್ತದಾ?

ಮುಂದೆ ಮೂರು ನಿಮಿಷ ಪಿಟೀಲಿಗೆ ಕೆಲಸವಿಲ್ಲ. ಆರ್ಕೆಸ್ಟ್ರಾ ಒಂದೊಂದೇ ಎಳೆಯನ್ನು ಹರಡುತ್ತದೆ. ಆ ಐದು ಪೆಟ್ಟು ಎಲ್ಲೆಲ್ಲೋ ತಲೆ ಹಾಕುತ್ತದೆ, ತಂತಿಗಳಲ್ಲಿ, ತುತ್ತೂರಿಗಳಲ್ಲಿ. ಅಷ್ಟು ಹೊತ್ತು ಅವಳು ವಾದ್ಯವನ್ನು ಕೆಳಗೆ ಹಿಡಿದು ಸುಮ್ನೆ ನಿಂತಿದ್ದಳು. ಸಾವಿರದೇಳ್ನೂರು ಜನರ ಎದುರಿಗೆ ಮೂರು ನಿಮಿಷ ಏನೂ ಮಾಡದೆ ನಿಲ್ಲುವುದು ನುಡಿಸುವುದಕ್ಕಿಂತ ಕಷ್ಟ ಇರಬೇಕು. ನಡುವೆ ಒಮ್ಮೆ ಬಿಲ್ಲಿನ ಒಂದು ಕಿತ್ತ ಕೂದಲನ್ನು ಎಳೆದು ತೆಗೆದಳು. ಆಮೇಲೆ ವಾದ್ಯ ಎತ್ತಿದಳು. ಕೆಳಗಿನಿಂದ ಮೆಟ್ಟಿಲು ಹತ್ತಿದ ಹಾಗೆ ಸ್ವರಗಳು ಮೇಲೇರಿದವು. ಅಲ್ಲಿಂದ ಅವಳು ಹೆಚ್ಚುಕಮ್ಮಿ ಕೆಳಗೆ ಇಳಿಯಲೇ ಇಲ್ಲ.

ಸಭಾಂಗಣದ ಇನ್ನೊಂದು ತುದಿಯಲ್ಲಿ, ಆ ಉದ್ದದ ಹುಡುಗನ ಬೆನ್ನ ಹಿಂದೆ, ಅತಿ ಸಣ್ಣ ಸ್ವರವೂ ನನಗೆ ಬಂದು ಮುಟ್ಟುತ್ತಿತ್ತು. ದೂರ ಕೂತರೆ ಮೇಲಿನ ಸ್ವರ ಕೇಳಿಸುವುದಿಲ್ಲ ಎಂದು ಬರೆದವನ ನೆನಪಾಗದೆ ಇರಲಿಲ್ಲ. ಅಕ್ಕನದ್ದೂ. ಅವಳು ಇರುವುದು ವೇದಿಕೆಯ ಹಿಂದೆ, ಪಿಟೀಲಿನವಳ ಬೆನ್ನು ಅವಳ ಕಡೆ. ಸದ್ದೆಲ್ಲ ನನ್ನ ಕಡೆ ಬರುತ್ತಿದೆ. ಸೀಟು ಅವಳಿಗೆ ಕೊಟ್ಟು ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆನಲ್ಲ, ಹೊಟ್ಟೆಯೊಳಗೆ ಚುರ್ ಎಂದಿತು.

ಮೊದಲ ಭಾಗ ಮುಗಿಯುವ ಮುಂಚೆ ಆರ್ಕೆಸ್ಟ್ರಾ ನಿಂತು ಪಿಟೀಲು ಒಂದಕ್ಕೇ ದಾರಿ ಬಿಡುತ್ತದೆ. ಅದಕ್ಕೆ ಕಡೆನ್ಜಾ ಅನ್ನುತ್ತಾರೆ. ಈ ಕೃತಿಯ ಪಿಟೀಲಿಗೆ ಬೀಥೋವನ್ ಕಡೆನ್ಜಾ ಬರೆದಿಡಲಿಲ್ಲ. ಹೆಚ್ಚಿನವರು ನುಡಿಸುವುದು ಇದೇ ವಿಯೆನ್ನಾದಲ್ಲಿ ಹುಟ್ಟಿದ ಪಿಟೀಲುಗಾರ ಫ್ರಿಟ್ಸ್ ಕ್ರೈಸ್ಲರ್ ಬರೆದದ್ದು. ಕ್ಯಾಸೆಟ್ಟಿನಲ್ಲಿದ್ದದ್ದೂ ಅದೇ. ನಾನು ಅದಕ್ಕೇ ಕಾದಿದ್ದೆ. ಬಂದದ್ದು ಬೇರೆ. ಬೀಥೋವನ್ ಇದೇ ಕೃತಿಯನ್ನು ಆಮೇಲೆ ಪಿಯಾನೋಗೆ ಹೊಂದಿಸಿದ್ದ, ಅದಕ್ಕೆ ಕಡೆನ್ಜಾವನ್ನೂ ಬರೆದಿದ್ದ. ಅದರಲ್ಲಿ ಒಂದು ಚೇಷ್ಟೆ ಮಾಡಿದ್ದಾನೆ: ಪಿಯಾನೋ ಜೊತೆಗೆ ಟಿಂಪನಿಯನ್ನೂ ಎಳೆದು ತಂದಿದ್ದಾನೆ. ಕೆಲವರು ಅದನ್ನು ಪಿಟೀಲಿಗೆ ತಿರುಗಿಸಿಕೊಂಡು ನುಡಿಸುತ್ತಾರೆ. ಇವಳೂ ಅದನ್ನೇ ಹಿಡಿದಳು. ಇಡೀ ಆರ್ಕೆಸ್ಟ್ರಾ ಕೈ ಕಟ್ಟಿ ಕೂತಿದೆ, ಪಿಟೀಲು ಒಂದು ಕಡೆ, ನಗಾರಿ ಒಂದು ಕಡೆ, ಅವಳು ಅರ್ಧ ತಿರುಗಿ ನಗಾರಿಯವನ ಕಡೆ ನೋಡುತ್ತಾ ನುಡಿಸುತ್ತಿದ್ದಾಳೆ. ಅರ್ಧ ತಿರುಗಿ, ಅಂದರೆ ಅಕ್ಕನ ಕಡೆಗೆ!

ಆ ಆಟ ಮುಗಿದ ಮೇಲೆ ಪಿಟೀಲು ಕೆಳಗಿನ ಜಿ, ಡಿ ತಂತಿಗಳಿಗೆ ಇಳಿದು, ಅಷ್ಟು ಹೊತ್ತು ಆರ್ಕೆಸ್ಟ್ರಾವೇ ಹಾಡುತ್ತಿದ್ದ ಸರಳ ಧಾಟಿಯನ್ನು ಮೊದಲ ಸಲ ತಾನು ಪೂರ್ತಿಯಾಗಿ ಹಾಡುತ್ತದೆ. ಮೆಲ್ಲಗೆ. ಕೆಳಗೆ ತಂತಿಗಳನ್ನು ಬೆರಳಿನಿಂದ ಮೀಟುವ ಸದ್ದು. ನನ್ನ ಎದುರಿನ ಹುಡುಗ ಕಂಬಿ ಬಿಟ್ಟು ಕಣ್ಣು ಒರೆಸಿಕೊಂಡ. ಆರಡಿ ಮನುಷ್ಯ.

ಭಾಗಗಳ ನಡುವೆ ಚಪ್ಪಾಳೆ ಇಲ್ಲ, ಕೆಮ್ಮು ಮಾತ್ರ. ತಡೆದುಕೊಂಡಿದ್ದ ಸಾವಿರ ಕೆಮ್ಮು ಒಟ್ಟಿಗೆ. ಎರಡನೇ ಭಾಗ ತುಂಬ ಹೊತ್ತಿಲ್ಲ, ನಿಂತ ನೀರಿನ ಹಾಗೆ, ಅದರ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ಅದರ ಬಾಲ ಹಿಡಿದೇ ಮೂರನೆಯದು ಬಂದು ಕುಣಿಯತೊಡಗಿತು.

ಬಿಡುವಿನಲ್ಲಿ ಕಂಬದ ಹತ್ತಿರ ಅಕ್ಕ ಮೊದಲೇ ಬಂದು ನಿಂತಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಶುರು ಮಾಡಿದಳು.

"ನಗಾರಿಯವ್ನು ನನ್ನ ಕಾಲ ಕೆಳಗೇ ಇದ್ದ ಕಣೋ. ಶುರು ಮಾಡೋಕೆ ಮುಂಚೆ ಚರ್ಮದ ಮೇಲೆ ಕಿವಿ ಇಟ್ಟ. ಮಗು ಹೊಟ್ಟೆಗೆ ಕಿವಿ ಇಟ್ಟ ಹಾಗೆ. ಒಂದೇ ಬೆರಳಲ್ಲಿ ತಟ್ಟಿದ, ಯಾರಿಗೂ ಕೇಳಿಸ್ದೇ ಇರೋ ಹಾಗೆ. ತಿರುಪು ಒಂಚೂರು ತಿರುಗಿಸ್ದ. ಮತ್ತೆ ಕಿವಿ ಇಟ್ಟ. ಆಮೇಲೆ ಕೋಲು ಎತ್ತಿದ್ದು."

"ಪಿಟೀಲು ಕೇಳಿಸ್ತಾ ಅಕ್ಕ?"

"ಕೆಳಗಿನದ್ದು ಎಲ್ಲಾ ಕೇಳಿಸ್ತು. ಮೇಲೆ ಹೋದಾಗ ಕೆಲವು ಕಡೆ ಬೆರಳು ಓಡೋದು ಕಂಡಿತು, ಸ್ವರ ದಾರದ ಹಾಗೆ ಬಂತು. ನನ್ನ ಕಿವಿಯೋ, ಆ ಜಾಗದ್ದೋ, ಯಾರಿಗೆ ಗೊತ್ತು. ಬೆರಳು ಎಲ್ಲಿ ಬಿದ್ರೆ ಯಾವ ಸ್ವರ ಅಂತ ನಂಗೆ ಗೊತ್ತಲ್ಲ, ನಾನೇ ತುಂಬಿಕೊಂಡೆ."

"ನನ್ನ ಜಾಗಕ್ಕೆ ಬರ್ತೀಯಾ ಈಗ?"

"ಅಲ್ಲಿ ನಿಂತ್ಕೊಂಡಾ? ಸುಮ್ನಿರು. ನಂಗೆ ನಗಾರಿಯವ್ನು ಬೇಕು."

ಎರಡನೇ ಅರ್ಧದಲ್ಲಿ ಬ್ರಾಮ್ಸ್ ಎಂಬ ರಚನಕಾರನ ಎರಡನೇ ಸಿಂಫನಿ. 1877ರಲ್ಲಿ ಇದೇ ಸಭಾಂಗಣದಲ್ಲಿ ಮೊದಲ ಸಲ ಕೇಳಿಸಿದ್ದು. ನಾಲ್ಕು ವರ್ಷದ ನಂತರ ರಷ್ಯಾದ ಚೈಕೋವ್‌ಸ್ಕಿಯ ಪಿಟೀಲು ಕನ್ಚೆರ್ಟೊವೂ ಮೊದಲು ಬಂದದ್ದು ಈ ಊರಿನಲ್ಲೇ. ಹಾನ್ಸ್‌ಲಿಕ್ ಎಂಬ ವಿಮರ್ಶಕ ಅದನ್ನು ಕೇಳಿ, ಇದು ನಾರುವ ಸಂಗೀತ ಎಂಬರ್ಥದಲ್ಲಿ ಬರೆದು ಹೆಸರು ಕೆಡಿಸಿಕೊಂಡ. ಬ್ರಾಮ್ಸ್ ಚೆನ್ನಾಗಿತ್ತು. ನನ್ನ ಕಾಲು ಸತ್ತಿತ್ತು. ಕೊನೆಯ ಭಾಗ ಪಕ್ಕದವರ ಜೊತೆ ನೆಲದ ಮೇಲೆ ಕೂತು ಕೇಳಿದೆ, ಅಲ್ಲಿ ಹಾಗೆ ಕೂರುತ್ತಾರೆ.

ಐದನೇ ದಿನ, ಭಾನುವಾರ

ವಿಮಾನ ರಾತ್ರಿಗೆ. ಬೆಳಿಗ್ಗೆ 71ನೇ ನಂಬರ್ ಟ್ರಾಮ್ ಹಿಡಿದು ಸೆಂಟ್ರಲ್‌ಫ್ರೀಡ್‌ಹೋಫ್ ಸ್ಮಶಾನಕ್ಕೆ ಹೋದೆವು. ಇಲ್ಲಿ ಯಾರಾದರೂ ಸತ್ತರೆ "71 ಹತ್ತಿದ" ಅನ್ನುತ್ತಾರಂತೆ. ನಾವು "ಟಿಕೆಟ್ ತಗೊಂಡ" ಅನ್ನುವುದಿಲ್ಲವಾ, ಹಾಗೇ. ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಪ್ರತಿ ಸ್ಟಾಪಿನಲ್ಲೂ ಹತ್ತುವ ಮುದುಕರನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದಳು.

ಎರಡನೇ ಗೇಟಿನಲ್ಲಿ ಇಳಿದು ನೇರ ನಡೆದರೆ ಎಡಕ್ಕೆ 32ಎ ಗುಂಪು. ಬೀಥೋವನ್ನನನ್ನು 1827ರಲ್ಲಿ ಬೇರೆ ಕಡೆ ಹೂಳಿದ್ದರು, 1888ರಲ್ಲಿ ಇಲ್ಲಿಗೆ ತಂದರು. ಪಕ್ಕದಲ್ಲೇ ಶೂಬರ್ಟ್. ಬ್ರಾಮ್ಸ್, ಸ್ಟ್ರಾಸ್, ರಚನಕಾರರೆಲ್ಲ ಕೂಗಳತೆಯಲ್ಲಿ. ಬೀಥೋವನ್ನನ ಬಿಳಿ ಕಲ್ಲಿನ ಮೇಲೆ ಹುಟ್ಟಿದ್ದು, ಸತ್ತದ್ದು, ಹೊಗಳಿಕೆ ಏನೂ ಇಲ್ಲ. ಹೆಸರೊಂದೇ. ಹಿಂದಿನ ರಾತ್ರಿ ಮಳೆ ಬಂದಿತ್ತು. ಅಕ್ಕ ಹೂವು ತಂದಿರಲಿಲ್ಲ. ಕಲ್ಲಿನ ಬುಡದಲ್ಲಿ ಅಂಟಿಕೊಂಡಿದ್ದ ಒದ್ದೆ ಎಲೆಗಳನ್ನು ಬಗ್ಗಿ ಹೆಕ್ಕಿ ಪಕ್ಕಕ್ಕಿಟ್ಟಳು. ಮಂಡಿ ಹಿಡಿದುಕೊಂಡಿತು, ನಾನು ಕೈ ಕೊಟ್ಟು ಎಬ್ಬಿಸಿದೆ.

ಸಂಜೆ ಮತ್ತೆ ಎಸ್7. ಎದುರಿನ ಸೀಟಿನಲ್ಲಿ ಒಂದು ಮಗು ಒಂದೇ ಸಮನೆ ಕಿರುಚುತ್ತಿತ್ತು. ಅಕ್ಕ ಪರ್ಸಿನಿಂದ ಸಣ್ಣ ಡಬ್ಬಿ ತೆಗೆದಳು. ಎರಡೂ ಕಿವಿಯ ಮಿಷನ್ ಬಿಚ್ಚಿ, ಒಂದೊಂದಾಗಿ ಒರೆಸಿ, ಅದರೊಳಗೆ ಮಲಗಿಸಿ ಮುಚ್ಚಳ ಹಾಕಿದಳು.

"ಊರು ಬಂದಾಗ ಎಬ್ಸು. ವಿಮಾನದ ಸದ್ದು ನೀನೇ ಕೇಳ್ಕೋ" ಎಂದು ಮಫ್ಲರ್ ತಲೆಗೆ ಸುತ್ತಿಕೊಂಡಳು.